ಡೈಲಾಗ್ ಹೊಡೆಯೋದೂ ಒಂದು ಕೆಲಸವೇ: ಜೆ. ಎಲ್. ಆಸ್ಟಿನ್ ಬದುಕು

ಬೆಳಿಗ್ಗೆ ಮೊದಲ ಕ್ಲಾಸು. ಮೇಷ್ಟ್ರು ಅಟೆಂಡೆನ್ಸ್ ಕರೀತಾ ಇದ್ದಾರೆ. ಹಾಸ್ಟೆಲಿನಲ್ಲಿ ಇನ್ನೂ ಮುಸುಕು ಹೊದ್ದು ಮಲಗಿರುವ ರೂಮ್‌ಮೇಟಿನ ನಂಬರ್ ಬಂದಾಗ ಕೊನೇ ಬೆಂಚಿನಿಂದ ಒಬ್ಬ ದನಿ ಬದಲಾಯಿಸಿ ಪ್ರೆಸೆಂಟ್ ಸರ್ ಅಂತಾನೆ. ಮೇಷ್ಟ್ರು ತಲೆ ಎತ್ತದೆ ಟಿಕ್ ಹಾಕ್ತಾರೆ. ಇಲ್ಲಿ ನಡೆದದ್ದೇನು? ಒಬ್ಬ ಸುಳ್ಳು ಹೇಳಿದ, ಸರಿ. ಆದರೆ ಅಷ್ಟೇ ಅಲ್ಲ. ಆ ಎರಡು ಪದದಿಂದ ರಿಜಿಸ್ಟರಿನಲ್ಲಿ ಒಂದು ಗುರುತು ಬಿತ್ತು. ಮಲಗಿದವನು ಪರೀಕ್ಷೆಗೆ ಒಂದು ಹೆಜ್ಜೆ ಹತ್ತಿರ ಆದ. ಅಂದ್ರೆ ಆ ಮಾತು ಬರೀ ಸುದ್ದಿ ಹೇಳಲಿಲ್ಲ, ಒಂದು ಕೆಲಸ ಮಾಡಿತು. ಸಿಕ್ಕಿಬಿದ್ದರೆ ಆ ಕೆಲಸ ರದ್ದೂ ಆಗುತ್ತೆ.

ಮಾತು ಅನ್ನೋದು ಕೆಲಸ ಅಂತ ನಮ್ಮ ಭಾಷೆಗೆ ಮೊದಲೇ ಗೊತ್ತು. ಕನ್ನಡದಲ್ಲಿ ನಾವು ಮಾತು ಕೊಡ್ತೀವಿ, ಮಾತು ಉಳಿಸಿಕೊಳ್ತೀವಿ, ಮಾತಿಗೆ ತಪ್ತೀವಿ, ಮಾತು ಮುರೀತೀವಿ. ಕೈಯಲ್ಲಿ ಹಿಡಿಯೋ ವಸ್ತುವಿನ ಹಾಗೆ ಅದನ್ನ ಬಳಸ್ತೀವಿ. ಆದರೆ ಈ ವಿಷಯವನ್ನು ಒಬ್ಬ ಇಂಜಿನಿಯರ್ ಮೆಷಿನ್ ಬಿಚ್ಚಿ ನೋಡುವ ಹಾಗೆ ಬಿಚ್ಚಿ, ಯಾವ ಭಾಗ ಕೆಟ್ಟರೆ ಮಾತು ಹೇಗೆ ಕೈಕೊಡುತ್ತೆ ಅಂತ ಪಟ್ಟಿ ಮಾಡಿದವರು ಇಂಗ್ಲೆಂಡಿನ ಜಾನ್ ಲ್ಯಾಂಗ್‌ಶಾ ಆಸ್ಟಿನ್. ತತ್ವಶಾಸ್ತ್ರದವರಿಗೆ ಇವರು ಮನೆಮಾತು. ನಮಗೆ ಮಾತ್ರ ಅಪರಿಚಿತರು. ಇವರ ಬದುಕು ತಿಳಿದ ಮೇಲೆ ಸಿನಿಮಾದ ಡೈಲಾಗ್ ಕೇಳೋ ಕಿವಿಯೇ ಬದಲಾಗುತ್ತೆ. ಅದಕ್ಕೇ ಈ ಲೇಖನ.

ಲ್ಯಾಂಕಾಸ್ಟರಿನ ಹುಡುಗ

ಆಸ್ಟಿನ್ ಹುಟ್ಟಿದ್ದು 1911ರ ಮಾರ್ಚ್ 26ರಂದು, ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ. ಐವರು ಮಕ್ಕಳಲ್ಲಿ ಎರಡನೆಯವರು. ತಂದೆ ಆರ್ಕಿಟೆಕ್ಟ್. ಮೊದಲ ಮಹಾಯುದ್ಧ ಮುಗಿದ ಮೇಲೆ ಸಂಸಾರ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋಯಿತು. ಅಲ್ಲಿನ ಒಂದು ಶಾಲೆಯಲ್ಲಿ ತಂದೆಗೆ ಆಡಳಿತದ ಕೆಲಸ ಸಿಕ್ಕಿತ್ತು. ಹುಡುಗ ಓದಿನಲ್ಲಿ ಚುರುಕು. 1924ರಲ್ಲಿ ಸ್ಕಾಲರ್‌ಶಿಪ್ ಪಡೆದು ಶ್ರೂಸ್‌ಬರಿ ಶಾಲೆ ಸೇರಿದ. ಅಲ್ಲಿಂದ 1929ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು. ಓದಿದ್ದು ಗ್ರೀಕ್, ಲ್ಯಾಟಿನ್. ಒಂದೊಂದು ಪದವನ್ನೂ ತೂಗಿ ನೋಡೋ ಅಭ್ಯಾಸ ಬಂದದ್ದು ಅಲ್ಲಿಂದಲೇ. 1933ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ ಆಲ್ ಸೋಲ್ಸ್ ಕಾಲೇಜಿಗೆ ಫೆಲೋ ಆಗಿ ಆಯ್ಕೆಯಾದರು. 1935ರಿಂದ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಪಾಠ ಹೇಳೋಕೆ ಶುರು ಮಾಡಿದರು.

ಆ ಹೊತ್ತಿಗೆ ಯುರೋಪಿನ ತತ್ವಶಾಸ್ತ್ರದಲ್ಲಿ ಒಂದು ಹೊಸ ಗಾಳಿ ಬೀಸ್ತಿತ್ತು. ಒಂದು ವಾಕ್ಯಕ್ಕೆ ಅರ್ಥ ಇರಬೇಕಾದರೆ ಅದು ಗಣಿತದ ಹಾಗೆ ತನ್ನಿಂದ ತಾನೇ ಸರಿಯಾಗಿರಬೇಕು, ಇಲ್ಲವೇ ಪರೀಕ್ಷೆ ಮಾಡಿ ನಿಜ ಅಥವಾ ಸುಳ್ಳು ಅಂತ ತೋರಿಸುವಂತಿರಬೇಕು, ಉಳಿದದ್ದೆಲ್ಲ ಅರ್ಥವಿಲ್ಲದ ಮಾತು ಅಂತ ಒಂದು ಗುಂಪು ವಾದಿಸ್ತಾ ಇತ್ತು. ಆಸ್ಟಿನ್‌ಗಿಂತ ಸ್ವಲ್ಪ ದೊಡ್ಡವರಾದ ಎ. ಜೆ. ಏಯರ್ 1936ರಲ್ಲಿ ಇದರ ಬಗ್ಗೆ ಪುಸ್ತಕ ಬರೆದು ರಾತ್ರೋರಾತ್ರಿ ಹೆಸರು ಮಾಡಿದರು. ಗೆಳೆಯ ಐಸಾಯಾ ಬರ್ಲಿನ್ ಅವರ ಕೋಣೆಯಲ್ಲಿ ಗುರುವಾರ ಸಂಜೆ ನಾಲ್ಕಾರು ಯುವಕರು ಸೇರ್ತಿದ್ದರು. ಅಲ್ಲಿ ಏಯರ್ ಹಾಗೂ ಆಸ್ಟಿನ್ ನಡುವೆ ಜೋರು ವಾದ ನಡೀತಿತ್ತು. ಏಯರ್ ಸಿದ್ಧಾಂತ ಕಟ್ಟೋದು, ಆಸ್ಟಿನ್ ಅದರಲ್ಲಿ ತೂತು ಹುಡುಕೋದು.

ಆಸ್ಟಿನ್ ತಲೆಯಲ್ಲಿ ಕೊರೀತಿದ್ದ ಪ್ರಶ್ನೆ ಬಹಳ ಸರಳ. ಒಬ್ಬ ಇನ್ನೊಬ್ಬನಿಗೆ ಮಾತು ಕೊಡ್ತಾನೆ ಅಂತಿಟ್ಟುಕೊಳ್ಳಿ. ಆ ವಾಕ್ಯ ನಿಜವಾ, ಸುಳ್ಳಾ? ಎರಡೂ ಅಲ್ಲ. ಹಾಗಂತ ಅದು ಅರ್ಥವಿಲ್ಲದ್ದೂ ಅಲ್ಲ. ಅದು ಮಾತು ಕೊಡೋದರ ವರದಿ ಅಲ್ಲ, ಮಾತು ಕೊಡೋದೇ ಅದು. ಈ ಯೋಚನೆ ತಮಗೆ ಬಂದದ್ದು 1939ರ ಸುಮಾರಿಗೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಅದನ್ನು ಬೆಳೆಸೋಕೆ ಅವರಿಗೆ ಸಮಯ ಸಿಗಲಿಲ್ಲ. ಅದೇ ವರ್ಷ ಯುದ್ಧ ಬಂತು.

ಸಮುದ್ರ ದಂಡೆಯ ಲೆಕ್ಕ

ಗ್ರೀಕ್ ಓದಿದ ಮೇಷ್ಟ್ರು ಯುದ್ಧದಲ್ಲಿ ಏನು ಮಾಡ್ತಾರೆ ಅಂತ ಕೇಳಬಹುದು. ಆಸ್ಟಿನ್ ಬ್ರಿಟಿಷ್ ಸೈನ್ಯದ ಬೇಹುಗಾರಿಕೆ ವಿಭಾಗ ಸೇರಿದರು. ಕೋಟು ಹಾಕಿಕೊಂಡು ರಾತ್ರಿ ಓಡಾಡೋ ಸಿನಿಮಾ ಪತ್ತೇದಾರಿಕೆ ಅಲ್ಲ ಇದು. ಕುರ್ಚಿಯಲ್ಲಿ ಕೂತು ಸಾವಿರಾರು ಚೂರು ಮಾಹಿತಿ ಜೋಡಿಸೋ ಕೆಲಸ. ಯುದ್ಧದ ನಡುವೆಯೇ, 1941ರಲ್ಲಿ, ಜೀನ್ ಕೂಟ್ಸ್ ಅವರನ್ನು ಮದುವೆಯಾದರು. ಮುಂದೆ ನಾಲ್ಕು ಮಕ್ಕಳಾದವು.

1942ರಿಂದ ಅವರ ಮೇಲೆ ಬಿದ್ದ ಜವಾಬ್ದಾರಿ ದೊಡ್ಡದು. ಹಿಟ್ಲರನ ಹಿಡಿತದಲ್ಲಿದ್ದ ಫ್ರಾನ್ಸಿನ ಮೇಲೆ ಮಿತ್ರ ಸೈನ್ಯ ಸಮುದ್ರದಿಂದ ದಾಳಿ ಮಾಡಬೇಕು. ಅದಕ್ಕೆ ಮೊದಲು ದಂಡೆಯಲ್ಲಿ ಎಲ್ಲೆಲ್ಲಿ ಫಿರಂಗಿ ಇದೆ, ಯಾವ ರಸ್ತೆ ಟ್ಯಾಂಕಿನ ಭಾರ ತಡೆಯುತ್ತೆ, ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಜರ್ಮನ್ ತುಕಡಿಗಳು ಎಲ್ಲಿವೆ, ಅವರ ಉಗ್ರಾಣ ಎಲ್ಲಿದೆ ಅನ್ನೋದೆಲ್ಲ ತಿಳಿದಿರಬೇಕು. ಈ ಮಾಹಿತಿ ಕಲೆ ಹಾಕಿ ವಿಂಗಡಿಸಿದ ವಿಭಾಗದ ಮುಖ್ಯಸ್ಥರು ಆಸ್ಟಿನ್. 1944ರ ಜೂನ್ 6ರಂದು ನಾರ್ಮಂಡಿಯ ದಂಡೆಯಲ್ಲಿ ಇಳಿದ ಸೈನ್ಯದ ಬೆನ್ನ ಹಿಂದೆ ಈ ಕಾಗದದ ಕೆಲಸ ಇತ್ತು. ಯುದ್ಧ ಮುಗಿಯೋ ಹೊತ್ತಿಗೆ ಅವರು ಲೆಫ್ಟಿನೆಂಟ್ ಕರ್ನಲ್. ಬ್ರಿಟನ್, ಫ್ರಾನ್ಸ್, ಅಮೆರಿಕ ಮೂರೂ ದೇಶಗಳು ಅವರನ್ನು ಗೌರವಿಸಿದವು.

ಒಂದು ವರದಿಯಲ್ಲಿ ಇಂಥಾ ಕಡೆ ಫಿರಂಗಿ ಇಲ್ಲ ಅಂತ ಬರೆದರೆ ಅದು ಖಚಿತ ಮಾಹಿತಿಯೋ, ಊಹೆಯೋ, ಎಚ್ಚರಿಕೆಯೋ ಅನ್ನೋದು ಓದುವವನಿಗೆ ಗೊತ್ತಾಗಲೇಬೇಕು. ಪದಗಳು ಅವೇ, ಆದರೆ ಊಹೆಯನ್ನು ಖಚಿತ ಅಂದುಕೊಂಡರೆ ದೋಣಿಯಿಂದ ಇಳಿಯೋ ಹುಡುಗರು ಸಾಯ್ತಾರೆ. ಆ ಹುಡುಗರಿಗೆ ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಆಸ್ಟಿನ್ ಚಿಂತನೆ ಯುದ್ಧದಿಂದ ಹುಟ್ಟಿದ್ದಲ್ಲ, ಅದಕ್ಕೂ ಮುಂಚಿನದು. ಆದರೂ ಅವರ ಬರಹದಲ್ಲಿ ಕಾಣೋ ಎಚ್ಚರವನ್ನು ಓದುವಾಗ ನನಗೆ ಈ ನಾಲ್ಕೈದು ವರ್ಷ ನೆನಪಾಗದೆ ಇರೋದಿಲ್ಲ.

ಕತ್ತೆಗೆ ಗುಂಡು ಹೊಡೆದವನ ಕತೆ

ಯುದ್ಧದ ನಂತರ ಆಸ್ಟಿನ್ ಆಕ್ಸ್‌ಫರ್ಡಿಗೆ ವಾಪಸಾದರು. 1950ರಲ್ಲಿ ಜರ್ಮನ್ ಗಣಿತಜ್ಞ ಫ್ರೇಗೆಯ ಅಂಕಗಣಿತದ ತಳಹದಿಯ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. 1952ರಲ್ಲಿ ನೀತಿಶಾಸ್ತ್ರದ ವೈಟ್ ಪ್ರೊಫೆಸರ್ ಹುದ್ದೆ ಸಿಕ್ಕಿತು. ಶನಿವಾರ ಬೆಳಿಗ್ಗೆ ಕಿರಿಯ ಅಧ್ಯಾಪಕರನ್ನು ಸೇರಿಸಿಕೊಂಡು ಅವರು ನಡೆಸ್ತಿದ್ದ ಚರ್ಚೆಗಳು ಪ್ರಸಿದ್ಧವಾದವು. ದೊಡ್ಡ ದೊಡ್ಡ ತತ್ವ ಅಲ್ಲ, ಒಂದು ಸಣ್ಣ ಪದ ಹಿಡಿದು ಗಂಟೆಗಟ್ಟಲೆ ಕೂರೋದು. ಡಿಕ್ಷನರಿ ತೆಗೆದು ಹತ್ತಿರ ಹತ್ತಿರದ ಪದಗಳನ್ನೆಲ್ಲ ಹರಡಿಕೊಂಡು ವ್ಯತ್ಯಾಸ ಹುಡುಕೋದು. ತಲೆತಲಾಂತರದಿಂದ ಜನ ಬಳಸಿ ಬಳಸಿ ಉಳಿಸಿಕೊಂಡ ಪದಗಳಲ್ಲಿ, ನಾವು ಒಂದು ಮಧ್ಯಾಹ್ನ ಕೂತು ಕಟ್ಟೋ ಸಿದ್ಧಾಂತಕ್ಕಿಂತ ಹೆಚ್ಚು ಬುದ್ಧಿ ಇದೆ ಅನ್ನೋದು ಅವರ ನಂಬಿಕೆ.

ಅವರ ಒಂದು ಉದಾಹರಣೆ ಚೆನ್ನಾಗಿದೆ. ನಿಮ್ಮದೂ ನೆರೆಯವನದೂ ಒಂದೊಂದು ಕತ್ತೆ ಒಂದೇ ಬಯಲಲ್ಲಿ ಮೇಯ್ತಾ ಇವೆ. ನಿಮ್ಮ ಕತ್ತೆ ನಿಮಗೆ ಬೇಡವಾಗಿದೆ, ಗುಂಡು ಹೊಡೀತೀರಿ. ಹತ್ತಿರ ಹೋಗಿ ನೋಡಿದರೆ ಸತ್ತದ್ದು ನೆರೆಯವನ ಕತ್ತೆ. ಇದು ತಪ್ಪು ತಿಳುವಳಿಕೆಯಿಂದ ಆದದ್ದು. ಈಗ ಇನ್ನೊಂದು ಸಂದರ್ಭ. ನಿಮ್ಮ ಕತ್ತೆಗೇ ಸರಿಯಾಗಿ ಗುರಿ ಇಟ್ಟಿರಿ, ಹೊಡೆಯೋ ಹೊತ್ತಿಗೆ ಎರಡೂ ಕದಲಿದವು, ನೆರೆಯವನ ಕತ್ತೆ ಅಡ್ಡ ಬಂದು ಬಿತ್ತು. ಇದು ಆಕಸ್ಮಿಕ. ಎರಡರಲ್ಲೂ ಸತ್ತದ್ದು ಅದೇ ಕತ್ತೆ. ಆದರೆ ಅವನ ಮನೆ ಬಾಗಿಲಲ್ಲಿ ನಿಂತು ನೀವು ಕೇಳೋ ಕ್ಷಮೆ ಬೇರೆ ಬೇರೆ. ಲ್ಯಾಬಿನಲ್ಲಿ ಸಲಕರಣೆ ಸುಟ್ಟಾಗ ನಾವು ಕೊಡೋ ವಿವರಣೆಗಳನ್ನ ನೆನಪಿಸಿಕೊಳ್ಳಿ. ತಪ್ಪಾಗಿ ಕನೆಕ್ಷನ್ ಕೊಟ್ಟದ್ದಕ್ಕೂ ಕೈ ಜಾರಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ?

1955, ಹಾರ್ವರ್ಡ್

1955ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ವಿಲಿಯಂ ಜೇಮ್ಸ್ ಉಪನ್ಯಾಸಕ್ಕೆ ಅವರನ್ನು ಕರೆಯಿತು. ಹದಿನಾರು ವರ್ಷ ಮನಸ್ಸಿನಲ್ಲಿಟ್ಟು ಬೆಳೆಸಿದ್ದನ್ನು ಆಸ್ಟಿನ್ ಅಲ್ಲಿ 12 ಉಪನ್ಯಾಸಗಳಲ್ಲಿ ಬಿಡಿಸಿಟ್ಟರು. ಹಡಗಿಗೆ ಹೆಸರಿಡೋದು, ಮದುವೆಯಲ್ಲಿ ಒಪ್ಪಿಗೆ ಹೇಳೋದು, ಉಯಿಲಿನಲ್ಲಿ ಗಡಿಯಾರ ಬರೆದುಕೊಡೋದು, ನಾಳೆ ಮಳೆ ಬರುತ್ತೆ ಅಂತ ಪಂಥ ಕಟ್ಟೋದು ಇವು ಅವರ ಉದಾಹರಣೆಗಳು. ಎಲ್ಲದರಲ್ಲೂ ಹೇಳೋದೇ ಮಾಡೋದು. ಇಂಥ ಮಾತಿಗೆ ಪರ್ಫಾರ್ಮೆಟಿವ್ ಅಂತ ಹೆಸರಿಟ್ಟರು.

ಆಮೇಲೆ ಒಂದು ತಮಾಷೆ ಮಾಡಿದರು. ಕೆಲಸ ಮಾಡೋ ಮಾತು ಒಂದು ಕಡೆ, ಸುದ್ದಿ ಹೇಳೋ ಮಾತು ಇನ್ನೊಂದು ಕಡೆ ಅಂತ ತಾವೇ ಹಾಕಿದ ಗೆರೆಯನ್ನು ಉಪನ್ಯಾಸ ಮುಂದುವರಿದ ಹಾಗೆ ತಾವೇ ಅಳಿಸಿದರು. ಹೊಲದಲ್ಲಿ ಗೂಳಿ ಇದೆ ಅನ್ನೋದು ಸುದ್ದಿಯಂತೆ ಕಾಣುತ್ತೆ, ಆದರೆ ಬೇಲಿ ಹಾರಲು ಹೊರಟವನಿಗೆ ಹೇಳಿದರೆ ಅದು ಎಚ್ಚರಿಕೆ. ಕೊನೆಗೆ ಅವರು ತಲುಪಿದ ತೀರ್ಮಾನ ಏನಂದ್ರೆ, ಎಲ್ಲ ಮಾತೂ ಕೆಲಸವೇ.

ಒಂದೇ ಮಾತಿನಲ್ಲಿ ಮೂರು ಪದರ ಇದೆ ಅಂದರು ಆಸ್ಟಿನ್. ಮೊದಲನೆಯದು ಆಡಿದ ಪದ ಹಾಗೂ ಅದರ ಅರ್ಥ, ಇದು ಲೊಕ್ಯೂಷನ್. ಎರಡನೆಯದು ಆ ಪದ ಆಡೋದರಲ್ಲೇ ಮಾಡಿದ ಕೆಲಸ, ಅಂದರೆ ಆಜ್ಞೆ, ಬೇಡಿಕೆ, ಬೆದರಿಕೆ, ವಚನ ಹೀಗೆ. ಇದು ಇಲ್ಲೊಕ್ಯೂಷನ್. ಮೂರನೆಯದು ಆ ಮಾತಿನಿಂದ ಕೇಳಿದವನ ಮೇಲೆ ಆದ ಪರಿಣಾಮ, ಅಂದರೆ ಹೆದರಿದ, ಒಪ್ಪಿದ, ಅತ್ತ, ಓಡಿಹೋದ. ಇದು ಪರ್ಲೊಕ್ಯೂಷನ್. ಎರಡನೆಯದಕ್ಕೆ ಸಮಾಜದ ನಿಯಮ ಇದೆ. ಮೂರನೆಯದು ಮಾತಾಡಿದವನ ಕೈಯಲ್ಲಿ ಪೂರ್ತಿ ಇರೋದಿಲ್ಲ.

ಇದನ್ನ ಸಿನಿಮಾದಲ್ಲಿ ನೋಡಬೇಕಾದರೆ 1972ರ ನಾಗರಹಾವು ಸಾಕು. ಪುಟ್ಟಣ್ಣ ಕಣಗಾಲರ ಚಿತ್ರ, ತರಾಸು ಅವರ ಕಾದಂಬರಿ ಆಧಾರ. ರಾಮಾಚಾರಿ ಯಾರ ಮಾತೂ ಕೇಳದ ಹುಡುಗ, ಚಾಮಯ್ಯ ಮೇಷ್ಟ್ರ ಮಾತು ಬಿಟ್ಟು. ಅಲಮೇಲುವನ್ನು ಮರೆತುಬಿಡು ಅಂತ ಮೇಷ್ಟ್ರು ಅವನನ್ನ ಒಪ್ಪಿಸ್ತಾರೆ. ಪದಗಳ ಮಟ್ಟದಲ್ಲಿ ಅದು ಬುದ್ಧಿಮಾತು. ಕೇಳಿಸಿಕೊಳ್ಳೋ ಹುಡುಗನಿಗೆ ಅದು ಆಜ್ಞೆ, ಯಾಕಂದ್ರೆ ಹೇಳಿದವರು ಗುರು. ಮೇಷ್ಟ್ರು ಬೇಡಿಕೊಂಡರೂ ಅದು ಅಪ್ಪಣೆಯೇ ಆಗುತ್ತೆ, ಅವರು ಬೇಡ ಅಂದರೂ ಆ ಸ್ಥಾನದ ಭಾರ ಮಾತಿನ ಮೇಲೆ ಕೂರುತ್ತೆ. ಇನ್ನು ಪರಿಣಾಮ? ರಾಮಾಚಾರಿ ತ್ಯಾಗ ಮಾಡ್ತಾನೆ. ಇಷ್ಟು ಮೇಷ್ಟ್ರು ಬಯಸಿದ್ದು. ಆದರೆ ಬೇರೆ ಕಡೆ ಮದುವೆಯಾಗಿ ಹೋದ ಅಲಮೇಲು ಮುಂದೆ ವೇಶ್ಯಾವೃತ್ತಿಯ ಪಾಲಾಗ್ತಾಳೆ. ಇದನ್ನ ಅವರು ಬಯಸಿದ್ದೇ ಇಲ್ಲ. ಒಂದೇ ಮಾತು, ಮೂರು ಪದರ, ಮೂರನೆಯದು ಮೇಷ್ಟ್ರ ಕೈ ಮೀರಿದ್ದು. ಒಳ್ಳೆಯ ಮನುಷ್ಯನ ಒಳ್ಳೆಯ ಮಾತು ಇಬ್ಬರ ಬದುಕು ಹೇಗೆ ಕೆಡಿಸಬಹುದು ಅನ್ನೋದೇ ಆ ಚಿತ್ರದ ನೋವು.

ಪದರಗಳನ್ನು ಬೇಕಂತಲೇ ಉಲ್ಟಾ ಮಾಡಿ ನಗಿಸೋದೂ ಉಂಟು. 1975ರ ಶೋಲೆಯಲ್ಲಿ ಜೈ ತನ್ನ ಗೆಳೆಯ ವೀರೂಗೆ ಬಸಂತಿಯನ್ನ ಕೇಳೋಕೆ ಅವಳ ಮೌಸಿ ಹತ್ತಿರ ಹೋಗ್ತಾನೆ. ಕೂತ ಭಂಗಿ, ದನಿ, ಎಲ್ಲ ಗೆಳೆಯನನ್ನ ಹೊಗಳೋದೇ. ಆದರೆ ಒಂದೊಂದು ಹೊಗಳಿಕೆಯಿಂದಲೂ ಒಂದೊಂದು ದುರ್ಗುಣ ಹೊರಗೆ ಬೀಳುತ್ತೆ. ಹೆಸರಿಗೆ ಸಂಬಂಧ ಕೇಳೋದು, ಪರಿಣಾಮ ಸಂಬಂಧ ಮುರಿಯೋದು. ಆಮೇಲೆ ವೀರೂ ಕುಡಿದು ನೀರಿನ ಟ್ಯಾಂಕ್ ಹತ್ತಿ ಸಾಯ್ತೀನಿ ಅಂತಾನೆ. ಸಾಯೋ ಮನಸ್ಸು ಅವನಿಗಿಲ್ಲ. ಆದರೂ ಬೆದರಿಕೆ ಬೆದರಿಕೆಯೇ. ಊರು ನಡುಗುತ್ತೆ, ಮೌಸಿ ಒಪ್ತಾಳೆ. ಸಭ್ಯವಾದ ಬೇಡಿಕೆ ಸೋತ ಕಡೆ ಪೊಳ್ಳು ಬೆದರಿಕೆ ಗೆಲ್ತು.

ಮಾತು ಕೈಕೊಡೋದು ಹೇಗೆ

ಆಸ್ಟಿನ್ ಕೆಲಸದಲ್ಲಿ ಇಂಜಿನಿಯರಿಂಗ್ ಮನಸ್ಸಿಗೆ ಬಹಳ ಹಿಡಿಸೋ ಭಾಗ ಇದು. ಅವರು ಒಂದು ಫೇಲ್ಯೂರ್ ಅನಾಲಿಸಿಸ್ ಮಾಡಿದ್ದಾರೆ. ಮಾತು ಎರಡು ರೀತಿ ಕೆಡುತ್ತೆ.

ಮೊದಲನೆಯದು ಮಿಸ್‌ಫೈರ್. ಬಂದೂಕಿನ ಕುದುರೆ ಎಳೆದರೂ ಗುಂಡು ಹಾರದ ಹಾಗೆ. ಕೆಲಸ ಆಗೋದೇ ಇಲ್ಲ. ಅಂಥದೊಂದು ಪದ್ಧತಿ ಇಲ್ಲದಿರಬಹುದು, ಹೇಳೋಕೆ ಆ ಮನುಷ್ಯನಿಗೆ ಅಧಿಕಾರ ಇಲ್ಲದಿರಬಹುದು, ಅರ್ಧಕ್ಕೇ ನಿಂತಿರಬಹುದು. ಬಂದರಿನಲ್ಲಿ ನಿಂತ ಯಾವನೋ ದಾರಿಹೋಕ ಬಾಟಲಿ ಕಿತ್ಕೊಂಡು ಹಡಗಿಗೆ ಒಡೆದು ಬಾಯಿಗೆ ಬಂದ ಹೆಸರು ಕೂಗಿದರೆ ಹಡಗಿಗೆ ಆ ಹೆಸರು ಬರೋದಿಲ್ಲ. ನಮ್ಮ ಪ್ರಾಕ್ಸಿ ಅಟೆಂಡೆನ್ಸೂ ಈ ಜಾತಿಯದೇ, ಹೇಳಬೇಕಾದವನು ಅವನಲ್ಲ.

ಎರಡನೆಯದು ಅಬ್ಯೂಸ್. ಇಲ್ಲಿ ಕೆಲಸ ಆಗುತ್ತೆ, ಆದರೆ ಒಳಗೆ ಹುಳುಕು. ಪಾಲಿಸೋ ಉದ್ದೇಶವೇ ಇಲ್ಲದೆ ಮಾತು ಕೊಟ್ಟರೆ ಮಾತು ಕೊಟ್ಟದ್ದು ಸುಳ್ಳಾಗೋದಿಲ್ಲ. ಮನಸ್ಸಿನಲ್ಲಿ ಇರಲಿಲ್ಲ ಅನ್ನೋ ನೆಪ ನಡೆಯೋದಿಲ್ಲ, ಕೊಟ್ಟ ಮಾತಿಗೆ ನೀವು ಬದ್ಧ. ಒಳಮನಸ್ಸಿನ ನೆಪ ಒಪ್ಪಿದರೆ ಮೋಸಗಾರನಿಗೆ ತಪ್ಪಿಸಿಕೊಳ್ಳೋ ಕಳ್ಳದಾರಿ ತೋರಿಸಿದ ಹಾಗೆ ಅನ್ನೋದು ಆಸ್ಟಿನ್ ನಿಲುವು.

1971ರ ಕಸ್ತೂರಿ ನಿವಾಸ ನೆನಪಿಸಿಕೊಳ್ಳಿ. ರಾಜ್‌ಕುಮಾರ್ ಪಾತ್ರ ಬದುಕಿಡೀ ಕೊಟ್ಟವನು. ಕೇಳಿದವರಿಗೆ ಇಲ್ಲ ಅಂದದ್ದೇ ಇಲ್ಲ. ಎಲ್ಲ ಕಳೆದುಕೊಂಡ ಮೇಲೆ ಉಳಿದದ್ದು ಒಂದು ಪಾರಿವಾಳ. ನೀಲಾ ಅದನ್ನೇ ಕೇಳೋಕೆ ಬರ್ತಾಳೆ. ಆದರೆ ಮನೆಗೆ ಬಂದ ಅವಳಿಗೆ ಊಟ ಹಾಕೋಕೆ ಬೇರೆ ದಾರಿ ಕಾಣದೆ ಅವನು ಆ ಪಾರಿವಾಳವನ್ನೇ ಕಳೆದುಕೊಂಡಿರ್ತಾನೆ. ಕೊಟ್ಟೆ ಅನ್ನೋ ಮಾತು ನಡೀಬೇಕಾದರೆ ಕೊಡೋ ವಸ್ತು ಕೈಲಿರಬೇಕು. ಅದಿಲ್ಲ. ಜೀವನ ಪೂರ್ತಿ ನಡೆದ ಒಂದೇ ಮಾತು ಅವತ್ತು ನಡೆಯಲಿಲ್ಲ, ಅವನೂ ಉಳಿಯಲಿಲ್ಲ. ಬಡತನ ಅವನನ್ನ ಕೊಂದದ್ದಲ್ಲ, ಇಲ್ಲ ಅನ್ನಬೇಕಾಗಿ ಬಂದದ್ದು ಕೊಂದದ್ದು.

ಅಬ್ಯೂಸ್‌ಗೆ 1972ರ ಗಾಡ್‌ಫಾದರ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಚರ್ಚಿನಲ್ಲಿ ತಂಗಿಯ ಮಗುವಿಗೆ ದೀಕ್ಷಾಸ್ನಾನ. ಮೈಕೆಲ್ ಆ ಮಗುವಿನ ಧರ್ಮಪಿತ. ಸೈತಾನನನ್ನು ತ್ಯಜಿಸ್ತೀಯಾ ಅಂತ ಪಾದ್ರಿ ಕೇಳ್ತಾರೆ, ಅವನು ಶಾಂತವಾಗಿ ಒಪ್ಕೋತಾನೆ. ಅದೇ ಹೊತ್ತಿಗೆ ಊರಿನ ಬೇರೆ ಬೇರೆ ಕಡೆ ಅವನದೇ ಆಜ್ಞೆಯಂತೆ ಕೊಲೆ ನಡೀತಿವೆ. ಆ ಶಪಥ ಆಗಲೇ ಇಲ್ಲ ಅನ್ನೋಕೆ ಬರೋದಿಲ್ಲ. ಪಾದ್ರಿ ಸರಿ, ಪದ ಸರಿ, ಜಾಗ ಸರಿ. ಅವನು ಮಗುವಿನ ಧರ್ಮಪಿತ ಆದ. ಆ ಮಾತು ನಡೆದದ್ದಕ್ಕೇ ಅದು ಅಷ್ಟು ಭಯಂಕರ.

ಈಗ ಸ್ವಲ್ಪ ಕಹಿ ವಿಷಯ. ನಮ್ಮ ಹಳೆಯ ಎಷ್ಟೋ ಚಿತ್ರಗಳಲ್ಲಿ ಹುಡುಗಿ ಬೇಡ ಬೇಡ ಅಂತ ಅಳ್ತಾ ಇದ್ದರೂ ಒಬ್ಬ ಬಲವಂತವಾಗಿ ತಾಳಿ ಕಟ್ಟಿಬಿಡ್ತಾನೆ. ಹಿನ್ನೆಲೆ ಸಂಗೀತ ಜೋರಾಗುತ್ತೆ. ಆಮೇಲೆ ಅವಳು ಅದನ್ನೇ ಹಣೆಬರಹ ಅಂತ ಒಪ್ಪಿಕೊಂಡು ಅವನನ್ನ ತಿದ್ದೋಕೆ ಹೊರಡ್ತಾಳೆ. ಆಸ್ಟಿನ್ ಪಟ್ಟಿ ಹಿಡಿದು ನೋಡಿ. ವಿಧಿ ನಡೀತು, ಆದರೆ ಇನ್ನೊಬ್ಬರ ಒಪ್ಪಿಗೆ ಬೇಕಾದ ಕೆಲಸದಲ್ಲಿ ಒಪ್ಪಿಗೆಯೇ ಇಲ್ಲ. ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸೋಕೆ ಹಿಂದೂ ವಿವಾಹ ಕಾಯ್ದೆ ಅವಕಾಶ ಕೊಡುತ್ತೆ. ಆ ಕಾಯ್ದೆ ಬಂದದ್ದೂ 1955ರಲ್ಲೇ, ಆಸ್ಟಿನ್ ಹಾರ್ವರ್ಡಿನಲ್ಲಿ ಮಾತಾಡಿದ ವರ್ಷ. ಕಾನೂನು ಒಂದು ಹೇಳ್ತಿದ್ದಾಗ ಸಿನಿಮಾ ಇನ್ನೊಂದು ಕಲಿಸ್ತಾ ಇತ್ತು. ಚಪ್ಪಾಳೆ ಹೊಡೆದವರು ನಾವೇ.

ನಟನ ಮಾತು ಪೊಳ್ಳೇ?

ಇಷ್ಟೆಲ್ಲ ಸಿನಿಮಾ ಬಗ್ಗೆ ಹೇಳಿದ ಮೇಲೆ ಒಂದು ಗುಟ್ಟು ಬಿಚ್ಚಬೇಕು. ಆಸ್ಟಿನ್ ಸಿನಿಮಾ ಬಗ್ಗೆ ಬರೆದವರಲ್ಲ. ಅಷ್ಟೇ ಅಲ್ಲ, ರಂಗದ ಮೇಲೆ ನಟ ಆಡೋ ಮಾತು, ಕವಿತೆಯ ಮಾತು, ತಮಾಷೆಯ ಮಾತು ಇವನ್ನೆಲ್ಲ ತಮ್ಮ ಲೆಕ್ಕದಿಂದ ಹೊರಗೆ ಇಟ್ಟರು. ಅವು ಒಂದು ವಿಶೇಷ ರೀತಿಯಲ್ಲಿ ಪೊಳ್ಳು, ಸಹಜ ಮಾತನ್ನು ಆಶ್ರಯಿಸಿ ಬೆಳೆಯೋ ಬಂದಳಿಕೆಯಂಥವು ಅನ್ನೋದು ಅವರ ಅಭಿಪ್ರಾಯ. ಸಿನಿಮಾದಲ್ಲಿ ನಾಯಕ ನಾಯಕಿಗೆ ತಾಳಿ ಕಟ್ಟಿದರೆ ನಟ ನಟಿ ಗಂಡ ಹೆಂಡತಿ ಆಗೋದಿಲ್ಲ ಅಲ್ವಾ? ಅಷ್ಟರ ಮಟ್ಟಿಗೆ ಅವರು ಸರಿ.

ಆದರೆ ಕತೆಯ ಒಳಗೆ ಆ ಇಬ್ಬರು ಗಂಡ ಹೆಂಡತಿ ಆಗೇ ಆಗ್ತಾರೆ. ನಟನ ಬಾಯಲ್ಲಿ ಪೊಳ್ಳಾದ ಮಾತು ಪಾತ್ರದ ಬಾಯಲ್ಲಿ ಗಟ್ಟಿ. 1965ರ ಸತ್ಯ ಹರಿಶ್ಚಂದ್ರ ಚಿತ್ರದಲ್ಲಿ ರಾಜ್‌ಕುಮಾರ್ ಯಾರಿಗೂ ರಾಜ್ಯ ಕೊಡಲಿಲ್ಲ, ಆದರೆ ಹರಿಶ್ಚಂದ್ರ ಕೊಟ್ಟ, ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನೂ ಮಾರಿದ. ಆ ವಚನ ಕತೆಯೊಳಗೆ ನಿಜವಾಗಿ ಕಟ್ಟಿಹಾಕುತ್ತೆ ಅಂತ ನಾವು ಒಪ್ಪಿದರೆ ಮಾತ್ರ ಮುಂದಿನ ಸ್ಮಶಾನದ ದೃಶ್ಯಕ್ಕೆ ಅರ್ಥ. ಈ ಬಂದಳಿಕೆಯ ಮಾತಿನ ಬಗ್ಗೆಯೇ ಮುಂದೆ ಫ್ರಾನ್ಸಿನ ಜಾಕ್ ಡೆರಿಡಾ ತಕರಾರು ಎತ್ತಿದರು. ಮತ್ತೆ ಮತ್ತೆ ಹೇಳಬಹುದಾದ್ದರಿಂದಲೇ, ನಟಿಸಬಹುದಾದ್ದರಿಂದಲೇ ಮಾತು ಮಾತಾಗಿ ಉಳಿದಿದೆ, ಅದನ್ನ ಹೊರಗಿಡೋಕಾಗಲ್ಲ ಅನ್ನೋ ಧಾಟಿಯ ವಾದ ಅದು.

ಆಸ್ಟಿನ್ ಹೊರಗಿಟ್ಟದ್ದನ್ನು ಒಳಗೆ ತಂದವರಲ್ಲಿ ಅವರದೇ ಪ್ರಭಾವಕ್ಕೆ ಸಿಕ್ಕ ಒಬ್ಬರಿದ್ದಾರೆ. 1955ರಲ್ಲಿ ಹಾರ್ವರ್ಡಿನಲ್ಲಿ ಆಸ್ಟಿನ್ ಮಾತು ಕೇಳಿ, ತಾನು ಬರೀತಿದ್ದ ಪಿಎಚ್.ಡಿ. ಪ್ರಬಂಧವನ್ನೇ ಪಕ್ಕಕ್ಕಿಟ್ಟ ಯುವಕ ಸ್ಟ್ಯಾನ್ಲಿ ಕವೆಲ್. ಮುಂದೆ ಹಾಲಿವುಡ್ ಚಿತ್ರಗಳ ಬಗ್ಗೆ ತತ್ವಶಾಸ್ತ್ರದ ಗಂಭೀರ ಪುಸ್ತಕಗಳನ್ನು ಬರೆದವರು ಇವರೇ. ಇವರು ಚರ್ಚಿಸಿದ ಚಿತ್ರಗಳಲ್ಲಿ ಒಂದು 1934ರ ಇಟ್ ಹ್ಯಾಪನ್ಡ್ ಒನ್ ನೈಟ್. ಅದರಲ್ಲಿ ಮದುವೆಯ ಹೊತ್ತಿಗೆ ಒಪ್ಪಿಗೆ ಕೇಳಿದಾಗ ನಾಯಕಿ ಉತ್ತರ ಕೊಡದೆ ಓಡಿಹೋಗ್ತಾಳೆ. ಒಂದೇ ಒಂದು ಪದ ಹೇಳಿದ್ದರೆ ಬದುಕು ಒಂದು ಕಡೆ, ಹೇಳದೆ ಇದ್ದದ್ದಕ್ಕೆ ಇನ್ನೊಂದು ಕಡೆ. ಮದುವೆ ಮನೆಗೆ ಕೊನೇ ನಿಮಿಷದಲ್ಲಿ ನಾಯಕ ಬೈಕ್ ಓಡಿಸಿಕೊಂಡು ಬರೋ ದೃಶ್ಯವನ್ನ ನಾವು ಸೀಟಿನ ತುದಿಗೆ ಕೂತು ನೋಡೋದೂ ಇದಕ್ಕೇ. ಮಾತು ಪೂರ್ತಿ ಆಗೋದರೊಳಗೆ ಅವನು ತಲುಪಬೇಕು.

ಬೇಗ ಮುಗಿದ ಬದುಕು

ಆಸ್ಟಿನ್ ಬಗ್ಗೆ ಅಮೆರಿಕದಲ್ಲಿ ಒಂದು ಕತೆ ಈಗಲೂ ಓಡಾಡುತ್ತೆ. ಎರಡು ಇಲ್ಲ ಸೇರಿದರೆ ಹೌದು ಆಗೋ ಭಾಷೆಗಳಿವೆ, ಆದರೆ ಎರಡು ಹೌದು ಸೇರಿ ಇಲ್ಲ ಆಗೋ ಭಾಷೆ ಇಲ್ಲ ಅಂತ ಅವರು ಉಪನ್ಯಾಸದಲ್ಲಿ ಹೇಳಿದರಂತೆ. ಸಭೆಯಲ್ಲಿದ್ದ ಸಿಡ್ನಿ ಮಾರ್ಗೆನ್‌ಬೆಸರ್ ಎಂಬ ತತ್ವಜ್ಞಾನಿ ವ್ಯಂಗ್ಯದ ದನಿಯಲ್ಲಿ ಹೌದು ಅನ್ನೋ ಪದವನ್ನು ಎರಡು ಸಲ ಎಳೆದರಂತೆ. ಕನ್ನಡದವರಿಗೆ ಇದು ಹೊಸದಲ್ಲ. ನಮ್ಮ ಹೌದ್ಹೌದು ಅನ್ನೋದರಲ್ಲಿ ಎಷ್ಟು ಇಲ್ಲ ತುಂಬಿದೆ ಅಂತ ಯಾವ ಅಮ್ಮನನ್ನ ಕೇಳಿದರೂ ಹೇಳ್ತಾರೆ.

1958–59ರಲ್ಲಿ ಆಸ್ಟಿನ್ ಮತ್ತೆ ಅಮೆರಿಕಕ್ಕೆ, ಈ ಸಲ ಬರ್ಕ್ಲಿಗೆ ಹೋಗಿಬಂದರು. ಅಲ್ಲಿಂದ ಬಂದ ಮೇಲೆ ಆಯುಸ್ಸು ಹೆಚ್ಚು ಉಳಿದಿರಲಿಲ್ಲ. 1960ರ ಫೆಬ್ರವರಿ 8ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ವಯಸ್ಸು 48 ಮಾತ್ರ. ಬದುಕಿದ್ದಾಗ ಪ್ರಕಟಿಸಿದ್ದು ಕೆಲವೇ ಪ್ರಬಂಧ. ಹಾರ್ವರ್ಡ್ ಉಪನ್ಯಾಸಗಳ ಟಿಪ್ಪಣಿಯನ್ನು ಸಹೋದ್ಯೋಗಿ ಜೆ. ಒ. ಅರ್ಮ್‌ಸನ್ ಜೋಡಿಸಿ 1962ರಲ್ಲಿ ಪುಸ್ತಕ ಮಾಡಿದರು. ಅದರ ಹೆಸರು ಹೌ ಟು ಡೂ ಥಿಂಗ್ಸ್ ವಿತ್ ವರ್ಡ್ಸ್. ಅಲ್ಲಿಂದ ಈ ವಿಚಾರ ಜಗತ್ತೆಲ್ಲ ಹಬ್ಬಿತು. ಆಕ್ಸ್‌ಫರ್ಡಿನಲ್ಲಿ ಓದಿದ್ದ ಜಾನ್ ಸರ್ಲ್ 1969ರಲ್ಲಿ ಇದನ್ನ ಇನ್ನಷ್ಟು ಬಿಗಿ ಮಾಡಿ ಸ್ಪೀಚ್ ಆಕ್ಟ್ಸ್ ಅನ್ನೋ ಪುಸ್ತಕ ಬರೆದರು. ಕಂಪ್ಯೂಟರ್ ಸೈನ್ಸಿನವರೂ ಬಿಡಲಿಲ್ಲ. 1990ರ ದಶಕದಲ್ಲಿ ಸಾಫ್ಟ್‌ವೇರ್ ಏಜೆಂಟುಗಳು ಪರಸ್ಪರ ಮಾತಾಡೋಕೆ ಕಟ್ಟಿದ ಕೆಕ್ಯೂಎಂಎಲ್‌ನಂಥ ಭಾಷೆಗಳಲ್ಲಿ ಪ್ರತಿ ಸಂದೇಶಕ್ಕೂ ಇದು ಕೇಳೋದು, ಇದು ಹೇಳೋದು ಅಂತ ಹಣೆಪಟ್ಟಿ ಇರುತ್ತೆ. ಆ ಹಣೆಪಟ್ಟಿಯನ್ನು ಅಲ್ಲಿ ಪರ್ಫಾರ್ಮೆಟಿವ್ ಅಂತಲೇ ಕರೀತಾರೆ.

ನಮ್ಮ ಪಾಲಿಗೆ ಉಳಿಯೋದೇನು? ಆಸ್ಟಿನ್ ಹೊರಗಿಟ್ಟ ಪಟ್ಟಿಯಲ್ಲಿ ತಮಾಷೆಯೂ ಇತ್ತು ಅಂದೆನಲ್ಲ, ಅಲ್ಲಿಗೆ ವಾಪಸ್ ಬರ್ತೀನಿ. ಕ್ಯಾಂಪಸ್ಸಿನಲ್ಲಿ ಅತಿ ಹೆಚ್ಚು ದುರುಪಯೋಗ ಆಗೋ ಮಾತು ಯಾವುದು ಗೊತ್ತಾ? ತಮಾಷೆಗೆ ಅಂದೆ ಮಗಾ, ಸೀರಿಯಸ್ಸಾಗಿ ತಗೋಬೇಡ. ಜೂನಿಯರ್ ಒಬ್ಬನನ್ನು ಹೆದರಿಸಿ, ಅವನ ಮುಖ ಕಪ್ಪಿಟ್ಟ ಮೇಲೆ ಹೀಗಂದರೆ ಬೆದರಿಕೆ ಮಾಯ ಆಗೋದಿಲ್ಲ. ಅವನಿಗೆ ಅದು ತಮಾಷೆ ಅಂತ ಮೊದಲೇ ಗೊತ್ತಿರಲಿಲ್ಲ. ಸಿನಿಮಾ ನೋಡುವಾಗ ಇದು ಕತೆ ಅಂತ ನಾವೆಲ್ಲ ಮೊದಲೇ ಒಪ್ಪಿ ಕೂತಿರ್ತೀವಿ. ಅವನು ಯಾವ ಟಿಕೆಟ್ಟೂ ತಗೊಂಡಿರಲಿಲ್ಲ.

ಹಾಗೇ ಪ್ರಾಜೆಕ್ಟ್ ಗ್ರೂಪಿನಲ್ಲಿ ನಾನು ನೋಡ್ಕೋತೀನಿ ಬಿಡು ಅಂದುಬಿಡೋದು. ಹೋದ ಸೆಮಿಸ್ಟರಿನಲ್ಲಿ ನಾನೇ ಹಾಗೆ ಅಂದಿದ್ದೆ. ಆ ಕ್ಷಣಕ್ಕೆ ಮಾತು ಮುಗಿಸೋಕೆ ಅಂದದ್ದು ಅಷ್ಟೇ. ಉಳಿದ ಮೂವರು ಅದನ್ನೇ ನಂಬಿ ತಮ್ಮ ಕೆಲಸ ಮಾಡಿದರು. ಡೆಮೊ ದಿನ ನನ್ನ ಭಾಗ ಖಾಲಿ ಇತ್ತು. ಮನಸ್ಸಿನಲ್ಲಿ ಗಟ್ಟಿಯಾಗಿ ಇರಲಿಲ್ಲ ಅಂತ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ. ನಾನು ಮಾತು ಕೊಟ್ಟಾಗಿತ್ತು, ಅವರು ಇಸ್ಕೊಂಡಾಗಿತ್ತು. ಆಸ್ಟಿನ್ ಪುಸ್ತಕ ಕೈಗೆ ಬಂದದ್ದು ಅದಾದ ಮೇಲೆ. ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿರ್ತಿತ್ತು.

ಮುಂದಿನ ಸಲ ಸಿನಿಮಾ ನೋಡುವಾಗ ಡೈಲಾಗ್ ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ. ಆ ಡೈಲಾಗ್ ಏನು ಮಾಡ್ತು, ಯಾರಿಗೆ ಮಾಡ್ತು, ಹೇಳಿದವನಿಗೆ ಆ ಹಕ್ಕಿತ್ತಾ ಅಂತ ನೋಡಿ. ಹಾಗೇ ಥಿಯೇಟರಿನಿಂದ ಹೊರಗೆ ಬಂದ ಮೇಲೆ ನಿಮ್ಮ ಮಾತನ್ನೂ ಒಂದ್ಸಲ ನೋಡ್ಕೊಳ್ಳಿ.